ಹುಣ್ಣಿಮೆಯ ಮರುದಿನದ ಏಕಾದಶಿ

ಐವತ್ತರ ದಶಕದ ಕೊನೆಯಲ್ಲಿ, ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಗ, ಹುಡುಗರನ್ನು ಊರ ಹೊರಗೆ ಡೇರೆಯಲ್ಲಿ ಮಲಗಿಸುವ ಹೊಸ ಹುಚ್ಚು ಶುರುವಾಯಿತು. ಹೊರಾಂಗಣ ಶಿಬಿರ ಎಂದು ಅದಕ್ಕೆ ಹೆಸರು. ಕುರಿ ಕಾಯುತ್ತ ಬಯಲಲ್ಲೇ ಬೆಳೆದ ನನ್ನಂಥವನಿಗೆ ಬಯಲಲ್ಲಿ ಬದುಕುವುದನ್ನು ಕಲಿಸುತ್ತಾರಂತೆ! ಮೀನಿಗೆ ಈಜು ಕಲಿಸಲು ಹೊರಟವರು ನಮ್ಮ ವಿಜ್ಞಾನದ ಮೇಷ್ಟ್ರು. ಸೊರಬದ ಕಡೆಯವರು. ಮಣ್ಣು ಕಂಡರೆ ಪಂಚೆ ಎತ್ತಿಕೊಳ್ಳುವ ಜಾತಿಯ ಮನುಷ್ಯ.

ಬಳ್ಳಿಗಾವಿಯ ಕೆರೆಯ ಪಕ್ಕ ಡೇರೆ ಹೊಡೆಸಿದರು. ಬಾಗಿಲನ್ನು ಗಾಳಿಗೆ ಎದುರಾಗಿ ಇಡಿಸಿ, ಡೇರೆ ಹೊಟ್ಟೆ ಉಬ್ಬಿಸಿಕೊಂಡು ಮಗುಚಿದಾಗ ನಮ್ಮನ್ನೇ ಬೈದರು. ಹಗ್ಗಕ್ಕೆ ಗಂಟು ಹಾಕುವುದನ್ನು ಹೇಳಿಕೊಟ್ಟರು, ಸಾಲಾಗಿ ನಡೆಯುವುದನ್ನು ಹೇಳಿಕೊಟ್ಟರು. ಇದನ್ನೆಲ್ಲ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಅವರ ಭಾಷಣ. "ಇಲ್ಲಿ ಜಾತಿ ಇಲ್ಲ. ಒಂದೇ ಒಲೆ, ಒಂದೇ ಪಂಕ್ತಿ. ದಿನಕ್ಕೊಂದು ತಂಡ ಅಡುಗೆ ಮಾಡುತ್ತದೆ, ಎಲ್ಲರೂ ಉಣ್ಣುತ್ತೇವೆ" ಎಂದು ಗಂಟಲು ಹರಿಯುವಂತೆ ಹೇಳಿದರು.

ಈ ಮಾತು ನನಗೆ ಬರಿಯ ಭಾಷಣವಾಗಿರಲಿಲ್ಲ. ನಮ್ಮವರಲ್ಲಿ ಒಂದು ಪದ್ಧತಿಯಿತ್ತು. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೋ ಅವರೊಡನೆ ಮೊದಲು ಕೂತು ಉಣ್ಣಬೇಕು. ಜೊತೆಗೆ ಉಣ್ಣದವನ ಹೊಲಕ್ಕೆ ಎಷ್ಟು ಕೊಟ್ಟರೂ ಮಂದೆ ಹೊಡೆಯುವುದಿಲ್ಲ. ನಾನು ಶಿಬಿರಕ್ಕೆ ಹೊರಟಾಗ ಅಪ್ಪ ಅದೇ ಕೋಲಿನಿಂದ ಶಾಲೆಯನ್ನೂ ಅಳೆದುಬಿಟ್ಟ.

"ನೀ ಮಾಡಿದ್ದನ್ನ ನಿಮ್ಮ ಮೇಷ್ಟ್ರು ಉಂಡ್ರೆ ಅಲ್ಲೇ ಓದು. ಉಣ್ಣಲಿಲ್ಲಾಂದ್ರೆ ಆ ಸಾಲಿ ನಮಗ್ಯಾಕೆ? ಕುರಿ ಹಿಂದ ಬಾ."

ನನಗೆ ಓದುವ ಆಸೆ ವಿಪರೀತವಿತ್ತು. ನನ್ನ ತಂಡದ ಸರದಿ ಬಂದ ದಿನ ಬೆಳಗಿನಿಂದಲೇ ಒಲೆಯ ಮುಂದೆ ಕೂತೆ. ಹುರುಳಿ ಬೇಯಿಸಿ, ಕಟ್ಟು ಬಸಿದು, ಅವ್ವ ಕಟ್ಟಿಕೊಟ್ಟಿದ್ದ ಖಾರದಪುಡಿ ಹಾಕಿ ಸಾರು ಕುದಿಸಿದೆ. ಕೆರೆ ಏರಿಯ ತನಕ ಘಮ ಹೋಗಿತ್ತು. ಹುಡುಗರು ಎಲೆ ಹಾಕಿಕೊಂಡು ಕೂತರು. ಮೇಷ್ಟ್ರು ಮಾತ್ರ ಹೊಟ್ಟೆಯ ಮೇಲೆ ಕೈಯಾಡಿಸುತ್ತ ನಿಂತೇ ಇದ್ದರು.

"ನೀವೆಲ್ಲ ಊಟ ಮಾಡಿ. ನನಗೆ ಇವತ್ತು ಏಕಾದಶಿ, ಉಪವಾಸ."

ಹಿಂದಿನ ಸಂಜೆ ತಾನೇ ಇದೇ ಮೇಷ್ಟ್ರು ಕೆರೆಯ ಆಚೆ ಎದ್ದ ತುಂಬು ಚಂದ್ರನನ್ನು ತೋರಿಸಿ, ಹುಣ್ಣಿಮೆ ಹೇಗಾಗುತ್ತದೆಂದು ಪಾಠ ಮಾಡಿದ್ದರು! ಹುಣ್ಣಿಮೆಯ ಮರುದಿನ ಏಕಾದಶಿ ಬರುವುದು ಯಾವ ಪಂಚಾಂಗದಲ್ಲಿ? ಸುಳ್ಳು ಹೇಳುವುದಕ್ಕೂ ಈ ಮನುಷ್ಯನಿಗೆ ಯೋಗ್ಯತೆ ಇರಲಿಲ್ಲ. ಡೇರೆಯ ಬಾಗಿಲು ಇಳಿಬಿಟ್ಟು, ಮನೆಯಿಂದ ತಂದ ಅವಲಕ್ಕಿಗೆ ಮೊಸರು ಕಲಸಿ ತಿಂದರು. ಮಾರನೆಯ ದಿನ ಬೇರೆ ತಂಡದವರ ಅಡುಗೆಗೆ ಎಲ್ಲರಿಗಿಂತ ಮೊದಲು ಬಂದು ಕೂತರು. ಆ ಬಾಯಿ ಚಪ್ಪರಿಸುವ ಸದ್ದು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ.

ಶಿಬಿರ ಮುಗಿದ ದಿನ ಅಪ್ಪ ಕಂಬಳಿ ಹೊದ್ದು ಬಂದ. ಆ ವಾರವೆಲ್ಲ ಬಳ್ಳಿಗಾವಿಯ ಗೌಡರೊಬ್ಬರ ಹೊಲದಲ್ಲಿ ಅವನ ಮಂದೆ ನಿಂತಿತ್ತು. ಹುಡುಗರು, ಊರವರು ಎಲ್ಲರೂ ಸೇರಿದ್ದಾಗ ನೆಟ್ಟಗೆ ಮೇಷ್ಟ್ರ ಮುಂದೆ ನಿಂತು ಕೇಳಿದ.

"ನಮ್ ಹುಡುಗ ಮಾಡಿದ ಊಟ ಹೆಂಗಿತ್ರೀ?"

ಒಂದೇ ಒಲೆಯ ಭಾಷಣವನ್ನು ಅವರು ಆಗತಾನೇ ಊರ ಹಿರಿಯರಿಗೂ ಒಪ್ಪಿಸಿ ಮುಗಿಸಿದ್ದರು. ಹಿಂದೆ ಸರಿಯಲು ದಾರಿಯಿರಲಿಲ್ಲ. "ಓಹೋ, ಬಹಳ ರುಚಿಯಾಗಿತ್ತು ಕಣಯ್ಯ. ಹೊಟ್ಟೆ ತುಂಬ ಉಂಡೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಕೈ ಮುಗಿದು ಹೊರಟುಹೋದ.

ಮುಂದಿನ ಶಿರಾಳಕೊಪ್ಪದ ಸಂತೆಯಲ್ಲಿ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದ. ಮೇಷ್ಟ್ರು ನಮ್ಮ ಹುಡುಗನ ಕೈಯಡುಗೆಯನ್ನು ಹೊಟ್ಟೆ ತುಂಬ ಉಂಡರಂತೆ, ಎಂಥ ದೊಡ್ಡ ಮನುಷ್ಯರು! ಸಂತೆಯ ಮಾತು ಸೊರಬ ಮುಟ್ಟಲು ಎಷ್ಟು ಹೊತ್ತು? ಮೇಷ್ಟ್ರ ಮನೆಯ ಹಿರಿಯರು ಅವರನ್ನು ಕರೆಸಿದರು. ಉಂಡಿಲ್ಲ ಎಂದರೆ ಊರೆದುರು ಸುಳ್ಳು ಹೇಳಿದ ಹಾಗಾಯಿತು. ಇನ್ನು, ಮನೆಯವರಾದರೂ ಅದನ್ನು ನಂಬಬೇಕಲ್ಲ? ತಲೆಗೆ ನೀರು ಹೊಯ್ದುಕೊಂಡು, ಗಂಜಲ ಸಗಣಿ ಕಲಸಿದ ಪಂಚಗವ್ಯ ಕುಡಿದು ಶುದ್ಧರಾದರಂತೆ. ಸುದ್ದಿ ತಿರುಗಿ ನಮ್ಮ ಹಟ್ಟಿಗೂ ಬಂತು.

ಅಂದು ನನಗೆ ತಡೆಯಲಾಗಲಿಲ್ಲ. "ಅಪ್ಪ, ಅವ್ರು ಅವತ್ತು ಉಣ್ಣಲೇ ಇಲ್ಲ" ಎಂದುಬಿಟ್ಟೆ.

ಅಪ್ಪ ಕುರಿಯ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ತಲೆ ಎತ್ತಲಿಲ್ಲ. "ಗೊತ್ತೈತಿ. ಹೊಲದ ಗೌಡ್ರು ಕೆರಿ ಏರಿ ಮ್ಯಾಲಿಂದ ನೋಡಿದ್ರಂತ, ಅವತ್ತೇ ಬಂದು ಹೇಳಿದ್ರು."

"ಮತ್ತೆ ಸಾಲಿ?"

"ಉಂಡೆ ಅಂತ ನಾಕು ಮಂದಿ ಮುಂದ ಒಪ್ಪಿಕೊಂಡಾನ. ಪ್ರಾಯಶ್ಚಿತ್ತಾನೂ ಮಾಡ್ಕೊಂಡಾನ. ಇನ್ನ ಉಂಡಂಗೇ ಲೆಕ್ಕ, ನೀ ಹೋಗು." ಮುಳ್ಳು ಕಿತ್ತು ಎಸೆದು, ಕುರಿಯನ್ನು ಬಿಟ್ಟು ಎದ್ದು ನಿಂತ. "ಪಾಪ, ನಿಜವಾಗ್ಲೂ ಉಂಡಿದ್ರೆ ಹುರುಳಿ ಸಾರಿನ ರುಚಿನಾದ್ರೂ ಸಿಗ್ತಿತ್ತು."