ಕುರಿದೊಡ್ಡಿಯ ಬಾಗಿಲಲ್ಲಿ ಕರೆಂಟು

ನಂಗವಳ್ಳಿಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದವರು ಸಬ್‌ಸ್ಟೇಷನ್ನಿನ ಆಪರೇಟರು. ಮುಷ್ಟಿ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಮಾತಾಡುವುದು ಅವರ ರೂಢಿ. "ಒಂದು ಓಗ್ಲಿ, ಆಮೇಲೆ ಇನ್ನೊಂದು" ಎನ್ನುವರು. ಬಸ್ಸಿಗೆ ನುಗ್ಗುವವರಿಗೂ ಅದೇ ಮಾತು.

ಎಪ್ಪತ್ತರ ದಶಕದಲ್ಲಿ ಕರೆಂಟು ಯಾವಾಗ ಬರುತ್ತದೋ ತಿಳಿಯುತ್ತಿರಲಿಲ್ಲ. ಅದಕ್ಕೇ ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿದ ನಾವು ಐದು ಬಾವಿಯವರೂ ಪಂಪ್‌ಸೆಟ್ಟಿನ ಸ್ಟಾರ್ಟರ್ ಗುಂಡಿ ಒತ್ತಿ, ಅದು ಒತ್ತಿಕೊಂಡೇ ಇರಲೆಂದು ಕಡ್ಡಿ ಸಿಕ್ಕಿಸಿ ಮನೆಗೆ ಬರುತ್ತಿದ್ದೆವು. ಕರೆಂಟು ಬಂದೊಡನೆ ಅಷ್ಟೂ ಮೋಟರು ಒಟ್ಟಿಗೆ ಎದ್ದು, ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋಗುತ್ತಿತ್ತು. ಕಡಲೆಕಾಯಿ ಗಿಡ ಬಾಡತೊಡಗಿತು.

ಕುರಿ ಸಾಕಿ ಬೆಳೆದ ನನ್ನ ಮಾವ ಜಗಳಕ್ಕೇ ಹೋದರು. "ಕರೆಂಟು ನಿಲ್ಲಂಗೆ ಕೊಡಾಕೆ ಏನ್ ಕಷ್ಟ ಸಾರ್ ನಿಮ್ಗೆ?"

ಆಪರೇಟರು ನಮ್ಮ ಕುರಿದೊಡ್ಡಿಯ ಹೊರಗೆ ಸೊಪ್ಪು ಹಾಕಿಸಿ, ಬಾಗಿಲಿನ ತಡಿಕೆ ಸರಿಸಿದರು. ಮಂದೆ ಒಮ್ಮೆಗೇ ನುಗ್ಗಿತು. ಬಾಗಿಲಲ್ಲಿ ಸಿಕ್ಕಿಕೊಂಡು ಒಂದೂ ಹೊರಬರಲಿಲ್ಲ, ದೊಡ್ಡಿಯ ಕಂಬ ವಾಲಿತು.

"ಇದೇ ಅಣ್ಣಾ ನಿಮ್ ಟ್ರಾನ್ಸ್‌ಫಾರ್ಮರು."

ಮಾವನಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ಮರುದಿನ ಐದು ಬಾವಿಯಲ್ಲೂ ಕಡ್ಡಿ ತೆಗೆದು ಕಾದೆವು. ಎತ್ತರದ ಬದುವಿನ ಮೇಲೆ ಆಪರೇಟರು ಮುಷ್ಟಿ ಎತ್ತಿ ನಿಂತಿದ್ದರು. ಕರೆಂಟು ಬಂತು. ಒಂದು ಬೆರಳು ಬಿಚ್ಚಿತು, ಮೇಲಿನ ಬಾವಿಯ ನೀರು ತೊಟ್ಟಿಗೆ ಹಾರಿತು. ಇನ್ನೊಂದು ಬೆರಳು, ಇನ್ನೊಂದು ಬಾವಿ. ಕಣ್ಣಿಗೆ ಕಾಣದ್ದೊಂದು ಅವರ ಕೈಗೆ ಕಾದು ಹೊಲದಿಂದ ಹೊಲಕ್ಕೆ ನಡೆದು ಬರುತ್ತಿತ್ತು.

ಕೊನೆಯ ಕಿರುಬೆರಳು ನಮ್ಮದು. ಗುಂಡಿ ಒತ್ತುವ ಮುನ್ನ ಮಾವ, ಮರಿ ಕರೆಯುವ ದನಿಯಲ್ಲಿ, ಮೆಲ್ಲಗೆ "ಬಾ, ಬಾ" ಅಂದರು.

ಬಂತು.