ಡಬ್ಬಿಯ ಮೇಲೆ ಗಂಡನ ಹೆಸರು

ಜಮಖಂಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಖಾಸಗಿ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಸಿದ್ದಕ್ಕ ಬಿಸಿಪೆಟ್ಟಿಗೆಯ ಬಾಗಿಲು ತೆರೆದು ಒಳಗಿನ ಅಂಕಿ ನೋಡುತ್ತಾರೆ. ಮೂವತ್ತೇಳು ಡಿಗ್ರಿ. ಮನುಷ್ಯರ ಮೈಯ ಬಿಸಿ.

ಗಲಗಲಿಯಿಂದ ಮೊದಲ ಬಸ್ಸಿಗೆ ಬಂದ ಚನಮಲ್ಲಪ್ಪ ಕಿಟಕಿಯಲ್ಲಿ ಸಣ್ಣ ಡಬ್ಬಿಯೊಂದನ್ನು ಇಟ್ಟು ಮುಖ ತಿರುಗಿಸುತ್ತಾರೆ. ಅದರ ಮೇಲೆ ಹೆಂಡತಿಯ ಹೆಸರು: ಅಕ್ಷತಾ.

"ಅಣ್ಣಾರ, ವೀರ್ಯ ಯಾರದ್ರೀ?"

"ನಂದು... ಆದ್ರ ಫೈಲು ಅಕಿ ಹೆಸರಿಲೆ ಐತಲ್ರೀ."

"ಫೈಲು ಇರವಲ್ದ್ಯಾಕ. ಇದರ ಮ್ಯಾಲ ನಿಮ್ಮ ಹೆಸರ ಬೇಕು."

ಚನಮಲ್ಲಪ್ಪ ಪೆನ್ನು ಮುಟ್ಟುವುದಿಲ್ಲ. ಕೊನೆಗೆ ಸಿದ್ದಕ್ಕನೇ ಬರೆಯುತ್ತಾರೆ. ಅವರು ಇಲ್ಲಿ ಸೇರಿದ ಈ ಒಂಬತ್ತು ವರ್ಷಗಳಲ್ಲಿ ಬಂದ ಗಂಡಸರದೆಲ್ಲ ಹೀಗೇ.

ಸಿದ್ದಕ್ಕ ತುಬಚಿಯ ಕುರಿಗಾರರ ಮಗಳು, ಬೀರೇಶ್ವರನ ಒಕ್ಕಲು. ಲ್ಯಾಬಿನ ಕೆಲಸ ಕಲಿತು 2004ರಲ್ಲಿ ಇಲ್ಲಿ ಸೇರಿದಾಗ ನೆಂಟರು ಮುಸಿಮುಸಿ ನಕ್ಕಿದ್ದರು. "ಯಾರರ ಕೇಳಿದ್ರ ಅವ್ವ, 'ನನ್ನ ಮಗಳು ರಕ್ತ ತಪಾಸಣಿ ಮಾಡ್ತಾಳ' ಅಂತಾಳ. ಇಲ್ಲಿ ನಾ ಒಂದ ಹನಿ ರಕ್ತ ನೋಡಿಲ್ರೀ!"

ಬಿಸಿಪೆಟ್ಟಿಗೆಗೆ ದಿನಕ್ಕೆ ನಾಲ್ಕೈದು ವೀರ್ಯದ ಟ್ಯೂಬು, ಒಂದೊಂದಕ್ಕೂ ಒಂದು ತಾಸಿನ ಕಾಯುವಿಕೆ. ಅಜ್ಜಿಯ ಕತೆಗಳಲ್ಲಿ ಏಳು ಕೋಟೆ ದಾಟಿದ ರಾಜಕುಮಾರ ನೆಟ್ಟಗೆ ಅಂತಃಪುರಕ್ಕೇ ನುಗ್ಗುತ್ತಿದ್ದ. ಇಲ್ಲೇಕೆ ಇಷ್ಟು ತಡ? ಕೇಳಿದರೆ ಸಿದ್ದಕ್ಕ ನಗುತ್ತಾರೆ.

"ಬಂದ ಬಂದಾಂಗ ತತ್ತಿಯೊಳಗ ಹೊಗಾಕ ಬರಂಗಿಲ್ರೀ ಅವಕ್ಕ. ನಮ್ಮಪ್ಪ ಕುರಿ ಹೊಳ್ಯಾಗ ತೊಳದು, ಉಣ್ಣಿಗೂದಲ ಕತ್ತರಸ್ತಿದ್ದ. ಕತ್ತರಿಸಿದ ಮ್ಯಾಲ ಕುರಿ ಎಷ್ಟ ಹಗರಾಗಿ ಜಿಗೀತೈತಿ! ಇವೂ ಹಂಗ."

ವೀರ್ಯಾಣುವಿನ ಹೊರಪೊರೆಯ ಕೊಬ್ಬಿನಂಶ ಮೊದಲು ಕಳಚಬೇಕಂತೆ. ಆಗ ಬಾಲ ಚಾಟಿಯಂತೆ ಬೀಸುತ್ತದೆ. ಅಂಡದ ಬಳಿ ಬಿಚ್ಚಿಕೊಳ್ಳಲು ತಲೆಯ ಮೇಲಿನ ಟೊಪ್ಪಿಗೆ ಅಣಿಯಾಗುತ್ತದೆ. ಸಿದ್ದಕ್ಕ ವೀರ್ಯ ತೊಳೆದು ಬೆಚ್ಚಗಿಟ್ಟ ಟ್ಯೂಬಿನಲ್ಲಿ ಶುರುವಾಗುವ ಈ ತಯಾರಿ ಹೆಂಗಸಿನ ಮೈಯೊಳಗೆ ಮುಗಿಯುತ್ತದೆ.

ಹೊರಗೆ ಅಕ್ಷತಾ ನೆಲ ನೋಡುತ್ತ ಕೂತಿದ್ದಾರೆ. ಮದುವೆಯಾಗಿ ಆರು ವರ್ಷ. ಕೊರತೆ ಸೊಸೆಯದೇ ಎಂದು ನಂಬಿದ ಅತ್ತೆ ಕಸ್ತೂರೆವ್ವ ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾರೆ. ವೀರ್ಯಾಣು ಕಮ್ಮಿ, ಅವುಗಳ ಓಟವೂ ನಿಧಾನ ಎಂಬ ಚೀಟಿ ಮಗನ ಜೇಬಿನಲ್ಲೇ ಉಳಿದಿದೆ.

ತಾಸು ಕಳೆದ ಮೇಲೆ ಸಿದ್ದಕ್ಕ ಚನಮಲ್ಲಪ್ಪನವರನ್ನು ಒಳಗೆ ಕರೆದು ಸೂಕ್ಷ್ಮದರ್ಶಕ ತೋರಿಸುತ್ತಾರೆ. ಟ್ಯೂಬಿನಲ್ಲಿ ಈಜಿ ಮೇಲೆ ಬಂದ ವೀರ್ಯಾಣುಗಳ ಒಂದು ಹನಿ.

"ಇವು... ನನ್ನವ ಏನ್ರೀ?"

"ಮತ್ಯಾರವು? ಕಮ್ಮಿ ಅದಾವು ಖರೆ, ಆದ್ರ ಹಟಮಾರಿ ಅದಾವು ನೋಡ್ರಿ."

ಅಷ್ಟರಲ್ಲಿ ಜೇಬಿನ ಮೊಬೈಲು ಕೂಗುತ್ತದೆ. ಕಸ್ತೂರೆವ್ವನ ದನಿ ನಮಗೂ ಕೇಳುತ್ತದೆ: "ಅಕಿಗೆ ಏನಂದ್ರೋ ಡಾಕ್ಟರು?"

ಚನಮಲ್ಲಪ್ಪ ಬಾಗಿಲಾಚೆಗೆ, ಹೆಂಡತಿಯತ್ತ ನೋಡುತ್ತಾರೆ. "ಅವ್ವಾ, ಅಕಿಗೇನೂ ಆಗಿಲ್ಲ. ಕಮ್ಮಿ ಇರೂದು ನಂದು. ಆ ಹೆಣ್ಣಿನ ಮನಿಯವರಿಗೆ ಬ್ಯಾಡ ಅಂತ ಹೇಳಿಬಿಡು." ಅಕ್ಷತಾ ತಲೆ ಎತ್ತುತ್ತಾರೆ.

ಡಾಕ್ಟರು ಅಕ್ಷತಾರ ಗರ್ಭಕೋಶಕ್ಕೆ ಸೇರಿಸಬೇಕಾದ ವೀರ್ಯವಿರುವ ಟ್ಯೂಬಿಗೆ ಹೊಸ ಚೀಟಿ ಅಂಟಿಸಿ, ಸಿದ್ದಕ್ಕ ಪೆನ್ನಿಗೆ ಕೈ ಚಾಚುತ್ತಾರೆ. ಅದು ಆಗಲೇ ಚನಮಲ್ಲಪ್ಪನವರ ಕೈಯಲ್ಲಿದೆ.

ಗಂಡ ಹೆಂಡತಿ ಒಳಗೆ ಹೋದ ಮೇಲೆ ಸಿದ್ದಕ್ಕ ಕೈ ತೊಳೆದುಕೊಳ್ಳುತ್ತಾರೆ. "ಹದಿನೈದು ದಿನ ಬಿಟ್ಟು ಏನಾಕ್ಕೈತೋ ನನಗ ಗೊತ್ತಿಲ್ರೀ. ಆದ್ರ ಇವತ್ತ ಆ ಹೆಸರ ನಾ ಬರೀಲಿಲ್ಲ."