ಅಡ್ಡಗೀಟಿನ ಏಳು

ಬೆಳಿಗ್ಗೆ ಗೇಟಿನ ಮುಂದೆ ಹೊಂಗೆ ಹೂವು ಉದುರಿ ಬಿದ್ದಿತ್ತು. ಗುಡಿಸಿ, ನೀರು ಹಾಕಿ, ಚಿಕ್ಕದೊಂದು ರಂಗೋಲಿ ಬಿಟ್ಟು ಒಳಗೆ ಬಂದೆ. ಯಜಮಾನರು ಊಟದ ಡಬ್ಬಿ ತಗೊಂಡು ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೊರಟರು. ನಾದಿನಿ ಅದಕ್ಕೂ ಮೊದಲೇ ಗುಬ್ಬಿ ಕಡೆಯ ಕುರುಚಲು ಕಾಡಿಗೆ ಹೋಗಿಯಾಗಿತ್ತು. ಅಲ್ಲಿ ಫೋನ್ ಸಿಗುವುದಿಲ್ಲ. ಪಾತ್ರೆ ತೊಳೆದಿಟ್ಟು, ಖಾಲಿ ಜ್ಯೂಸ್ ಟಿನ್ನುಗಳನ್ನು ಕತ್ತರಿಸುತ್ತ ಕೂತೆ.

ನಾದಿನಿಯ ಕೆಲಸದಲ್ಲಿ ನನ್ನ ಪಾಲು ಅದು. ಅವಳು ಕಾಡಿನ ವಿಜ್ಞಾನಿ. ನಾನು ಮದುವೆಯಾಗಿ ತುಮಕೂರಿನ ಈ ಮನೆಗೆ ಬಂದಾಗ ಸಂಶೋಧನೆ ಆಗಷ್ಟೇ ಶುರುಮಾಡಿದ್ದಳು. ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೋಗುವಾಗ ರಸ್ತೆಗೆ ತಾಗಿಕೊಂಡೇ ಊರಿನ ಕಾಡೊಂದಿದೆ. ಅಲ್ಲಿನ ಕಮರ, ತುಗ್ಗಲಿ ಮರಗಳಿಗೆ ನಂಬರು ಕೊಟ್ಟು, ವರ್ಷವರ್ಷವೂ ಅದೇ ಮರಗಳ ಸುತ್ತಳತೆ ತೆಗೆಯುತ್ತಾಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಯಾವ ಮರ ತಡೆದುಕೊಂಡಿತು, ಯಾವುದರ ಸಸಿ ಮೇಲೆದ್ದಿತು ಎಂದು ಅವಳು ತೋರಿಸಿಕೊಟ್ಟ ಮೇಲೆ ಸುತ್ತಲಿನ ನರ್ಸರಿಗಳಲ್ಲಿ ನೀಲಗಿರಿ ಬಿಟ್ಟು ಇವೇ ಸಸಿಗಳನ್ನು ಬೆಳೆಸತೊಡಗಿದರು. ಅವಳ ಇಷ್ಟು ವರ್ಷದ ಬದುಕೆಲ್ಲ ಆ ಮರಗಳಲ್ಲೇ ಇದೆ. ಕಡಿದ ಮರದ ಮುಂದಿನ ವರ್ಷವನ್ನು ಯಾರೂ ಅಳೆಯಲಾರರು.

ಮರಗಳಿಗೆ ಹೊಡೆಯುವ ನಂಬರಿನ ತಗಡುಗಳು ಮಾತ್ರ ನನ್ನವು. ಅಡುಗೆಮನೆಯ ಹಳೇ ಕತ್ತರಿ, ಇಂಕು ಮುಗಿದ ಬಾಲ್‌ಪೆನ್ನು ಸಾಕು. ಒತ್ತಿ ಬರೆದರೆ ಅಂಕಿ ತಗಡಿನಲ್ಲಿ ಕೂತುಬಿಡುತ್ತದೆ.

ಹಾಗೆ ಒತ್ತುತ್ತಿದ್ದಾಗಲೇ ಫೋನ್ ಬಂತು. ಆ ಕಾಡಿನ ಅಂಚಿನಲ್ಲಿ ಮೇಕೆ ಮೇಯಿಸುವ ಹೆಂಗಸು.

"ಅಕ್ಕಾ, ನಿಮ್ ಮೇಡಮ್ಮೋರ್ ಫೋನ್ ಹೋಯ್ತಾನೇ ಇಲ್ಲ. ರೋಡ್ ಅಗಲ ಮಾಡೋರು ಬಂದವ್ರೆ. ತಗಡ್ ಹೊಡ್ದಿರೋ ಮರಾನೆಲ್ಲ ಕುಯ್ತಾವ್ರೆ!"

ನಾದಿನಿಗೆ ಮತ್ತೆ ಮತ್ತೆ ಮಾಡಿದೆ. ಸಿಗಲಿಲ್ಲ. ಮೆಸೇಜ್ ಹಾಕಿ, ಉಟ್ಟ ಸೀರೆಯಲ್ಲೇ ಕುಣಿಗಲ್ ಬಸ್ ಹತ್ತಿದೆ. ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತಿತು. ಹೆಬ್ಬೂರಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದಾಗ ಕೂಗಿಬಿಡಬೇಕು ಅನ್ನಿಸಿತು. ಕೂಗಿ ಅಭ್ಯಾಸವಿಲ್ಲ. ಕಿಟಕಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತೆ. ಮುಷ್ಟಿಯಲ್ಲಿ ಅರ್ಧ ಬರೆದ ತಗಡು ಇನ್ನೂ ಇತ್ತು, ಬೆರಳು ಕುಯ್ದುಕೊಂಡಿತ್ತು.

ಇಳಿಯುವ ಮೊದಲೇ ಗರಗಸದ ಮೆಷಿನ್ನಿನ ಸದ್ದು ಕೇಳಿಸಿತು. ಮೂರ್ನಾಲ್ಕು ತುಗ್ಗಲಿ ನೆಲಕ್ಕೆ ಬಿದ್ದಿದ್ದವು. ಎಲೆ ಇನ್ನೂ ಬಾಡಿರಲಿಲ್ಲ. ಎಲ್ಲಕ್ಕಿಂತ ಹಳೆಯ ಕಮರದ ಬುಡಕ್ಕೆ ಗರಗಸ ಇಟ್ಟಿದ್ದರು.

"ನಿಲ್ಸಿ, ದಯವಿಟ್ಟು ನಿಲ್ಸಿ" ಎಂದೆ.

ಮೇಸ್ತ್ರಿ ತಿರುಗಿ ನೋಡಿದ. "ನಂಬರ್ ಇರೋ ಮರ ಕಡೀರಿ ಅಂತ ಆರ್ಡರ್ ಕಣಮ್ಮಾ. ನಾವೇನ್ ಮನೆಗ್ ಹೊತ್ಕೊಂಡ್ ಹೋಯ್ತೀವಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ರಸ್ತೆ ಬದಿಯ ಮರಗಳ ತೊಗಟೆ ಹೆರೆದು ಕೆಂಪು ಪೇಂಟಿನಲ್ಲಿ ನಂಬರು ಬರೆದಿದ್ದರು. ಅವನ್ನು ಕಡಿದು ಬದಿಗೆ ಉರುಳಿಸಿದ ಮೇಲೆ, ಒಳಗೂ ನಂಬರು ಕಂಡಿತೆಂದು ಇವರು ಹಾಗೇ ನುಗ್ಗಿದ್ದರು.

"ಪೇಂಟಿನದು ಸರ್ಕಾರದ್ದು. ಈ ತಗಡು ನಾನು ಮನೇಲಿ ಕತ್ರಿಸಿದ್ದು."

"ಮನೇಲಾ? ಸರಿ ಬುಡಿ, ನಾಳೆಯಿಂದ ಸರ್ಕಾರಾನೂ ಅಡುಗೆಮನೇಲೇ ನಡ್ಸಿ." ಆಳುಗಳು ನಕ್ಕರು. ಗರಗಸ ಮತ್ತೆ ಶುರುವಾಯಿತು.

ಅವರ ಟ್ರ್ಯಾಕ್ಟರಿನ ಮೇಲೆ ಧೂಳು ಕೂತಿತ್ತು. ಬೆರಳಿನಲ್ಲಿ ಇಂಗ್ಲಿಷಿನ ಏಳು ಬರೆದು, ನಡುವಿಗೆ ಅಡ್ಡಗೀಟು ಎಳೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಏಳು. ಬಿದ್ದ ಮರದ ತಗಡಿನಲ್ಲೂ ಅದೇ ಏಳು. ರಸ್ತೆ ಬದಿಯ ದಿಮ್ಮಿಯಲ್ಲಿದ್ದ ಪೇಂಟಿನ ಏಳಿಗೆ ಗೀಟಿಲ್ಲ. "ನೀವೇ ನೋಡಿ" ಎಂದೆ.

ಫೋನ್ ಮಾಡಿದ್ದ ಮೇಕೆಯವಳೂ ಅಷ್ಟರಲ್ಲಿ ಹತ್ತಿರ ಬಂದಿದ್ದಳು. "ಏನ್ಲಾ, ನಿಮ್ಮನೆ ಹಸಿನ ಕಿವೀಗೂ ನಂಬರ್ ಹೊಡ್ದವ್ರಲ್ಲ, ಅದ್ನೂ ಕುಯ್ದ್‌ಬುಟ್ಯಾ?"

ಈ ಸಲ ಆಳುಗಳು ಮೇಸ್ತ್ರಿಯನ್ನು ನೋಡಿ ನಕ್ಕರು. ಅವನು ಗರಗಸದವನಿಗೆ ನಿಲ್ಲಿಸೆಂದು ಕೈ ತೋರಿಸಿದ. ಎರಡು ಬಗೆಯ ನಂಬರಿನ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದ. ಕಾದೆವು. ಫೋನಿನಲ್ಲಿ ಸಾಹೇಬರ ದನಿ ನನಗೂ ಕೇಳುವಷ್ಟು ಜೋರಾಗಿತ್ತು: "ಪೇಂಟ್ ಇಲ್ದೇ ಇರೋದ್ ಯಾವ್ದೂ ಮುಟ್ಬೇಡಿ!"

ನಾದಿನಿ ಬಂದಾಗ ಮಧ್ಯಾಹ್ನ ಕಳೆದಿತ್ತು. ಕಮರದ ಬುಡದ ಗಾಯಕ್ಕೆ ಬೆರಳಿಟ್ಟು ನೋಡಿದಳು.

"ಮರ ಬದುಕುತ್ತಾ?" ಎಂದೆ.

"ಗೊತ್ತಿಲ್ಲ ಅತ್ತಿಗೆ. ಇನ್ನೊಂದ್ ಮಳೆಗಾಲ ನೋಡ್ಬೇಕು."

ಆಮೇಲೆ ಟೇಪು ತೆಗೆದು ಬಿದ್ದ ತುಗ್ಗಲಿಗಳನ್ನು ಅಳೆದಳು. ಪ್ರತಿ ವರ್ಷ ಅಳೆಯುವ ಹಾಗೇ. ಅವುಗಳ ತಗಡು ಕಿತ್ತು ನನ್ನ ಕೈಗೆ ಕೊಟ್ಟಳು.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಪಕ್ಕದ ಮನೆಯಾಕೆ ಗಿಡಗಳಿಗೆ ನೀರು ಬಿಡುತ್ತಿದ್ದರು.

"ಎಲ್ ಹೋಗಿದ್ರಿ ಅತ್ತಿಗೆ ನಾದಿನಿ ಇಬ್ರೂ? ನಿಮ್ ಗೇಟ್ ಮುಂದಿನ ಹೊಂಗೆ ಮರಕ್ಕೆ ಯಾರೋ ಕೆಂಪ್ ಪೇಂಟಲ್ಲಿ ನಂಬರ್ ಬರ್ದು ಹೋದ್ರು. ನಿಮ್ ನಾದಿನಿ ಕಡೆಯವ್ರೇ ಇರ್ಬೇಕು ಅಂತ ಕಾಫಿ ಕೊಟ್ ಕಳಿಸ್ದೆ" ಎಂದು ಪೈಪನ್ನು ದಾಸವಾಳದ ಕಡೆ ತಿರುಗಿಸಿದರು.